ಬಾರದವರ ಲೆಕ್ಕ

ನಮ್ಮ ಬಸವೇಶ್ವರನಗರದ ಉದ್ಯಾನದಲ್ಲಿ, ಬೆಳಗಿನ ಹೊತ್ತು ನಡೆದು ದಣಿದವರು ಕುಳಿತುಕೊಳ್ಳುವುದಕ್ಕೆಂದು ಒಂದು ಕಲ್ಲುಬೆಂಚು ಉಂಟು. ಲೋಕದ ಸಕಲ ವ್ಯವಹಾರಗಳೂ ಅಲ್ಲಿ ಇತ್ಯರ್ಥವಾಗುತ್ತವೆ. ಆ ತೀರ್ಪುಗಳ ಮೇಲೆ ಅಪೀಲು ಇಲ್ಲ. ಒಂದು ದಿನ ಕೊರೊನಾ ಕಾಲದ ಮಾತು ಬಂದಿತು. ಸರ್ಕಾರದ ದೊಡ್ಡ ಹುದ್ದೆಯಿಂದ ನಿವೃತ್ತರಾದ ಮಿತ್ರರೊಬ್ಬರು, "ಲಾಕ್‌ಡೌನ್ ಟೈಮಲ್ಲಿ ಹುಚ್ಚಾಸ್ಪತ್ರೆ ಕಡೆ ನರಪಿಳ್ಳೆ ಸುಳೀಲಿಲ್ಲವಂತೆ ಸ್ವಾಮಿ. ಎಲ್ಲರೂ ಮನೇಲಿ ಒಟ್ಟಿಗೆ ಕೂತು ರಾಮಾಯಣ ನೋಡಿದರು, ಹುಚ್ಚು ತಾನಾಗಿ ಇಳೀತು" ಎಂದು ಹೇಳಿ, ತಮ್ಮ ಮಾತಿಗೆ ತಾವೇ ನಕ್ಕರು. ಬೆಂಚಿನ ಮೇಲಿದ್ದ ಉಳಿದವರೂ ನಕ್ಕರು. ನಾನೂ ನಕ್ಕೆನೆಂಬುದನ್ನು ಮುಚ್ಚಿಡಲಾರೆ. ಮನೆಗೆ ಹಿಂದಿರುಗುವಾಗ ಎದುರುಮನೆಯ ತಾಯಿ ಬಾಗಿಲಿಗೆ ನೀರು ಹಾಕುತ್ತಿದ್ದುದನ್ನು ಕಂಡು ನಾಚಿಕೆಯಾಯಿತು. ಆ ನಾಚಿಕೆಯ ಕಾರಣವನ್ನು ಮುಂದೆ ಹೇಳುತ್ತೇನೆ.

ಬೆಂಚಿನ ಹರಟೆಯೆಂದು ಇದನ್ನು ಬಿಟ್ಟುಬಿಡಬಹುದಾಗಿತ್ತು. ಆದರೆ ಇದೇ ಮಾತು ಪಂಚೆ ಬದಲಿಸಿ ಸೂಟು ತೊಟ್ಟು ವಿದ್ವತ್ಸಭೆಗಳಿಗೂ ಹೋಗುತ್ತದೆ. ಅಲ್ಲಿ ಅದಕ್ಕೆ 'ಬೇಡಿಕೆಯ ಕುಸಿತ'ವೆಂದು ಹೆಸರು. ಸಾಂಕ್ರಾಮಿಕ ರೋಗವು ಊರನ್ನು ಆವರಿಸಿದ ಕಾಲದಲ್ಲಿ ಮಾನಸಿಕ ರೋಗಿಗಳು ತುರ್ತು ಚಿಕಿತ್ಸೆಗೆಂದು ಬರುವುದು ಕಡಿಮೆಯಾಯಿತು; ಕಡಿಮೆಯಾದುದರಿಂದ ಅಗತ್ಯವೂ ಕಡಿಮೆಯಾಯಿತು; ಅಗತ್ಯವು ಕಡಿಮೆಯಾದಾಗ ಆ ಹಾಸಿಗೆಗಳನ್ನೂ ಆ ವೈದ್ಯರನ್ನೂ ಮೊದಲು ಬೇರೆಯ ಕೆಲಸಕ್ಕೆ ಎತ್ತಿಕೊಳ್ಳುವುದರಲ್ಲಿ ದೋಷವಿಲ್ಲ ಎಂದು ಈ ಮತವು ಮೂರು ಮೆಟ್ಟಿಲು ಏರಿ ನಿಲ್ಲುತ್ತದೆ. ಮೊದಲ ಮೆಟ್ಟಿಲು ಗಟ್ಟಿಯಾದುದು. ಎರಡನೆಯದು ಇಲ್ಲವೇ ಇಲ್ಲ. ಮೂರನೆಯದರ ಮೇಲೆ ನಿಂತವರಿಗೆ ಕೆಳಗೆ ಏನಿದೆಯೆಂದು ನೋಡುವ ಪುರುಸೊತ್ತಿಲ್ಲ.

ಪೂರ್ವಪಕ್ಷಕ್ಕೆ ಸಲ್ಲತಕ್ಕ ನ್ಯಾಯವನ್ನು ಸಲ್ಲಿಸಿಯೇ ಮುಂದುವರಿಯೋಣ. 2020ರ ವಸಂತದಲ್ಲಿ ಇಟಲಿ, ಸ್ಪೇನ್, ಫ್ರಾನ್ಸ್, ಜರ್ಮನಿಗಳಿಂದ ಬಂದ ವರದಿಗಳು, ಜನರನ್ನು ಮನೆಯೊಳಗೆ ಇರಿಸಿದ ಮೊದಲ ವಾರಗಳಲ್ಲಿ ಮನೋರೋಗದ ತುರ್ತು ವಿಭಾಗಗಳಿಗೆ ಬಂದವರ ಸಂಖ್ಯೆ ಗಣನೀಯವಾಗಿ ಇಳಿದುದನ್ನು ದಾಖಲಿಸಿವೆ. ಅಂಕಿಗಳನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದೇ ಇಟಲಿಯಲ್ಲಿ, ಅದೇ ಮಾರ್ಚಿಯಲ್ಲಿ, ಹೃದಯಾಘಾತವೆಂದು ಆಸ್ಪತ್ರೆ ಸೇರಿದವರ ಸಂಖ್ಯೆಯೂ ಹಿಂದಿನ ವರ್ಷದ ಅರ್ಧದ ಸಮೀಪಕ್ಕೆ ಇಳಿದಿತ್ತು. ಆಗ ಯಾವ ಹೃದಯವೈದ್ಯನೂ ಎದ್ದು ನಿಂತು, ಇಟಲಿಯ ಜನರ ಹೃದಯಗಳು ಗೃಹವಾಸದಿಂದ ಗಟ್ಟಿಯಾದವೆಂದು ಸಾರಲಿಲ್ಲ; ಜನ ಹೆದರಿ ಮನೆಯಲ್ಲಿಯೇ ಸಾಯುತ್ತಿದ್ದಾರೆಂದು ಅವರು ಗಾಬರಿಯಾದರು. ಎದೆಯ ನೋವಿನವನು ಬಾರದಿದ್ದರೆ ಅನಾಹುತ, ಮನಸ್ಸಿನ ನೋವಿನವನು ಬಾರದಿದ್ದರೆ ಆರೋಗ್ಯ. ಒಂದೇ ಇಳಿತಕ್ಕೆ ಈ ಎರಡು ವ್ಯಾಖ್ಯಾನಗಳು ಹುಟ್ಟಿದುದು ಅಂಕಿಯ ಗುಣದಿಂದಲ್ಲ, ನೋಡುವವನ ಉಪೇಕ್ಷೆಯಿಂದ.

ನಮ್ಮ ಭಾಟ್ಟ ಮೀಮಾಂಸಕರು ಈ ಬಗೆಯ ತಪ್ಪನ್ನು ಬಹುಕಾಲದ ಹಿಂದೆಯೇ ಗುರುತಿಸಿದ್ದರು. ಒಂದು ವಸ್ತು ಕಾಣದಿರುವುದನ್ನು ಅವರು ಅನುಪಲಬ್ಧಿಯೆಂದು ಕರೆದು, ಅಭಾವವನ್ನು ತಿಳಿಯುವುದಕ್ಕೆ ಅದೂ ಒಂದು ಪ್ರಮಾಣವೆಂದು ಒಪ್ಪಿದರಾದರೂ, ಅದಕ್ಕೆ 'ಯೋಗ್ಯ'ವೆಂಬ ವಿಶೇಷಣವನ್ನು ಬಿಗಿಯಾಗಿ ಕಟ್ಟಿದರು: ಇದ್ದಿದ್ದರೆ ಕಾಣಲೇಬೇಕಾಗಿದ್ದ ಸನ್ನಿವೇಶದಲ್ಲಿ ಕಾಣದಿದ್ದರೆ ಮಾತ್ರ ಅದು ಇಲ್ಲವೆನ್ನಬಹುದು. ಬೆಳಕಿರುವ ಕೋಣೆಯಲ್ಲಿ ಮಡಕೆ ಕಾಣದಿದ್ದರೆ ಮಡಕೆಯಿಲ್ಲ. ದೀಪವಾರಿದ ಕೋಣೆಯಲ್ಲಿ ಕಾಣದಿದ್ದರೆ ಏನೂ ಸಿದ್ಧವಾಗುವುದಿಲ್ಲ. ಬಸ್ಸು ಓಡದೆ, ಆಟೋ ಸಿಗದೆ, ಬೀದಿಯ ಎರಡು ಕೊನೆಗಳಿಗೂ ತಗಡು ಬಡಿದಿದ್ದ ಊರಿನಲ್ಲಿ, ರೋಗಿಗಳು ಬಾಗಿಲಲ್ಲಿ ಕಾಣಲಿಲ್ಲವಾದುದರಿಂದ ರೋಗವಿರಲಿಲ್ಲ ಎನ್ನುವ ಪಂಡಿತನು ದೀಪವಾರಿದ ಕೋಣೆಯಲ್ಲಿ ಮಡಕೆ ಹುಡುಕುತ್ತಿದ್ದಾನೆ.

ಆ ಕೋಣೆ ಎಷ್ಟು ಕತ್ತಲಾಗಿತ್ತೆಂಬುದು ಬೆಂಗಳೂರಿನ ಪಡುವಣ ಭಾಗದವರಿಗೆ ಗೊತ್ತು. ಮಾನಸಿಕ ತುರ್ತು ಎಂದರೆ ನಮಗೆ ಹೊಸೂರು ರಸ್ತೆಯ ನಿಮ್ಹಾನ್ಸ್ ಆಸ್ಪತ್ರೆ. ಬಸವೇಶ್ವರನಗರದಿಂದ ಅದು ಹತ್ತು ಹನ್ನೆರಡು ಕಿಲೋಮೀಟರು, ಕೆಂಗೇರಿಯಿಂದ ಹದಿನೈದಕ್ಕೆ ಕಡಿಮೆಯಿಲ್ಲ. ಮೆಜೆಸ್ಟಿಕ್ಕಿನಲ್ಲಿಯೋ ಮಾರ್ಕೆಟಿನಲ್ಲಿಯೋ ಇಳಿದು ಬಸ್ಸು ಬದಲಿಸಬೇಕು. 2020ರ ಮಾರ್ಚ್ 25ರಿಂದ ದೇಶಕ್ಕೆ ಬೀಗ ಬಿದ್ದಿತು. ನಗರದ ಬಸ್ಸುಗಳು ಮತ್ತೆ ಕಂಡದ್ದು ಮೇ 19ರಂದು, ಅದೂ ಅರೆಹೊಟ್ಟೆಯ ಓಡಾಟ. ವಿಜಯನಗರದ ಮೇಲಿನಿಂದ ಹಾಯುವ ಮೆಟ್ರೋ ಸೆಪ್ಟೆಂಬರ್ 7ರವರೆಗೆ ನಿಂತಿತ್ತು; ಕೆಂಗೇರಿಗಂತೂ ಆಗ ಅದು ಇನ್ನೂ ಬಂದೇ ಇರಲಿಲ್ಲ. ಮೈಸೂರು ರಸ್ತೆಯ ಜನರು ಕಷ್ಟಕಾಲದಲ್ಲಿ ಓಡಿಹೋಗುವ ವಿಕ್ಟೋರಿಯಾ ಆಸ್ಪತ್ರೆಯನ್ನು ಕೊರೊನಾ ರೋಗಿಗಳಿಗೆಂದು ಪ್ರತ್ಯೇಕಿಸಿದುದರಿಂದ ಅದು ಇತರರಿಗೆ ಮುಚ್ಚಿದ ಬಾಗಿಲಾಯಿತು. ನಿಮ್ಹಾನ್ಸಿನಲ್ಲಿ ದಿನದಿನದ ಹೊರರೋಗಿಗಳ ಪರೀಕ್ಷೆಯನ್ನು ಮೊಟಕುಗೊಳಿಸಿ ತುರ್ತು ರೋಗಿಗಳನ್ನು ಮಾತ್ರ ನೋಡುತ್ತಿದ್ದರು. ಪಾದರಾಯನಪುರ ಮತ್ತು ಬಾಪೂಜಿನಗರಗಳು ಏಪ್ರಿಲಿನ ಎರಡನೆಯ ವಾರದಲ್ಲಿ ಸೀಲ್‌ಡೌನ್ ಆದವು. ಈ ವ್ಯವಸ್ಥೆಗಳಲ್ಲಿ ಹಲವು ಆ ದಿನಗಳಿಗೆ ಅನಿವಾರ್ಯವಾಗಿದ್ದಿರಬಹುದು; ಅದು ಈಗಿನ ವಾದವಲ್ಲ. ದಾರಿಯನ್ನು ತಾವೇ ಮುಚ್ಚಿ, ದಾರಿಯಲ್ಲಿ ಯಾರೂ ಬರಲಿಲ್ಲವೆಂದು ಬರೆದಿಟ್ಟುಕೊಳ್ಳುವುದು ಮಾತ್ರ ಸಹಿಸತಕ್ಕ ವಿಷಯವಲ್ಲ.

ಈಗ ಎದುರುಮನೆಯ ವಿಷಯ. ಆ ತಾಯಿಗೆ ಮೂವತ್ತರ ಆಸುಪಾಸಿನ ಮಗನಿದ್ದಾನೆ. ಹತ್ತು ವರ್ಷಗಳಿಂದ ಚಿತ್ತವೈಕಲ್ಯದ ಕಾಯಿಲೆ. ಕ್ಲೊಜಪೀನ್ ಎಂಬ ಮಾತ್ರೆಯ ಬಲದಿಂದ ಕಾಮಾಕ್ಷಿಪಾಳ್ಯದ ಒಂದು ಲೇತ್ ಕಾರ್ಖಾನೆಯಲ್ಲಿ ಕೆಲಸ ಮಾಡಿಕೊಂಡು, ಸಂಜೆ ಮನೆಗೆ ಬರುವಾಗ ತಾಯಿಗೆ ಒಂದು ಮೊಳ ಮಲ್ಲಿಗೆ ತರುವಷ್ಟು ಸ್ವಸ್ಥನಾಗಿದ್ದ. ಆ ಔಷಧವು ಬಹು ಅಭಿಮಾನದ್ದು. ರಕ್ತಪರೀಕ್ಷೆಯಿಲ್ಲದೆ ಅದನ್ನು ಕೊಡುವಂತಿಲ್ಲ. ಎರಡು ದಿನಕ್ಕಿಂತ ಹೆಚ್ಚು ತಪ್ಪಿದರೆ ಹಳೆಯ ಪ್ರಮಾಣದಿಂದಲೇ ಮುಂದುವರಿಸುವಂತಿಲ್ಲ, ಮತ್ತೆ ಅತ್ಯಲ್ಪದಿಂದ ಆರಂಭಿಸಿ ಮೆಲ್ಲಮೆಲ್ಲನೆ ಏರಿಸಬೇಕು. ಏಪ್ರಿಲಿನ ಮೊದಲ ವಾರ ಒಂದು ಮಧ್ಯಾಹ್ನ ಆಕೆ ನಮ್ಮ ಗೇಟಿನ ಬಳಿ ಬಂದು, ಸೆರಗಿನ ತುದಿಯಿಂದ ಮೂಗು ಬಾಯಿ ಮುಚ್ಚಿಕೊಂಡು, ದೂರದಿಂದಲೇ ಒಂದು ಸ್ಟೀಲು ಡಬ್ಬಿಯನ್ನು ತೆರೆದು ತೋರಿಸಿದರು. ಒಳಗೆ ಅರ್ಧ ಅರ್ಧವಾದ ಹಳದಿ ಮಾತ್ರೆಗಳಿದ್ದವು. "ಅಡಕತ್ತರೀಲಿ ಕತ್ತರಿಸಿದೀನಿ ಮೇಷ್ಟ್ರೇ. ದಿನ ಬಿಟ್ಟು ದಿನ ಕೊಡ್ತಿದೀನಿ. ಇನ್ನೊಂದು ಎಂಟು ದಿನಕ್ಕೆ ಬರುತ್ತೆ. ಅಷ್ಟರಲ್ಲಿ ಬಸ್ಸು ಬಿಡ್ತಾರೆ ಅಲ್ವೇ?" ಕೆಲವು ಚೂರುಗಳು ಪುಡಿಯಾಗಿದ್ದವು, ಆ ಪುಡಿಯನ್ನೂ ಆಕೆ ಬಿಸಾಡದೆ ಕಾಗದದಲ್ಲಿ ಮಡಿಸಿಟ್ಟಿದ್ದರು.

ಬಸ್ಸು ಬಿಡಲಿಲ್ಲ. ಹತ್ತಿರದ ಮೆಡಿಕಲ್ ಅಂಗಡಿಗಳಲ್ಲಿ ಆ ಮಾತ್ರೆ ಇರಲಿಲ್ಲ. ಏಪ್ರಿಲಿನ ಮೂರನೆಯ ವಾರಕ್ಕೆ ಹುಡುಗ ರಾತ್ರಿಯಿಡೀ ತಾರಸಿಯ ಮೇಲೆ ನಡೆಯತೊಡಗಿದ. ಫೋನು ಮಾಡಿದಾಗಲೆಲ್ಲ ಮೊದಲು ಕೆಮ್ಮು ಕೇಳಿ ಆಮೇಲೆ ಎಚ್ಚರಿಕೆಯ ಮಾತು ಬರುತ್ತಿದ್ದ ದಿನಗಳು ಅವು, ಓದುಗರಿಗೆ ನೆನಪಿದ್ದೀತು. ಆ ಕೆಮ್ಮು ತನಗೆಂದೇ ಯಾರೋ ಕಳಿಸುತ್ತಿರುವ ಸಂಕೇತವೆಂದು ಅವನಿಗೆ ದೃಢವಾಯಿತು. ತಾಯಿ ಆಸ್ಪತ್ರೆಗೆ ಫೋನು ಹಚ್ಚಿದೊಡನೆಯೇ ಕಸಿದುಕೊಳ್ಳುತ್ತಿದ್ದ. ಒಮ್ಮೆ ನಾವಿಬ್ಬರು ಮೂವರು ಸೇರಿ ಪಕ್ಕದ ಬಡಾವಣೆಯ ಖಾಸಗಿ ಆಸ್ಪತ್ರೆಯೊಂದಕ್ಕೆ ನಡೆಸಿಕೊಂಡು ಹೋದೆವು. ಗೇಟಿನಲ್ಲಿಯೇ ತಡೆದರು. ಕೊರೊನಾ ಪರೀಕ್ಷೆಯ ಚೀಟಿ ತಂದರೆ ಒಳಗೆ ಬಿಡುತ್ತೇವೆ; ತಂದರೂ ಇಂಥ ಕೇಸು ನಾವು ನೋಡುವುದಿಲ್ಲ ಎಂದರು. ಎರಡನೆಯ ವಾಕ್ಯವನ್ನು ಮೊದಲೇ ಹೇಳಬಹುದಾಗಿತ್ತು. ಮೇ ತಿಂಗಳು ಹೇಗೆ ಕಳೆಯಿತೆಂಬುದನ್ನು ಬರೆಯುವ ಅಧಿಕಾರ ಆ ತಾಯಿಗೇ ಹೊರತು ನನಗಿಲ್ಲ. ಕಡೆಗೆ ಜೂನ್ 9ರಂದು, ತರಕಾರಿ ಸಾಗಿಸುವ ಒಂದು ಲಗ್ಗೇಜು ಆಟೋದಲ್ಲಿ ಅವನನ್ನು ಆಸ್ಪತ್ರೆಗೆ ಮುಟ್ಟಿಸಿದ್ದಾಯಿತು. ಚೀಟಿಯ ಮೇಲೆ ಗುಮಾಸ್ತನು ಆ ದಿನದ ತಾರೀಖನ್ನೇ ಬರೆದ. ಬೇರೆ ಯಾವುದನ್ನು ಬರೆದಾನು?

ಆ ಚೀಟಿಯಲ್ಲಿ ನನ್ನ ವಾದವೆಲ್ಲ ಅಡಗಿದೆ. ರೋಗ ಉಲ್ಬಣಿಸಿದುದು ಏಪ್ರಿಲಿನಲ್ಲಿ. ರೋಗಿ ದಾಖಲಾದುದು ಜೂನಿನಲ್ಲಿ. ದಾಖಲೆ ಪುಸ್ತಕದ ಪ್ರಕಾರ ಏಪ್ರಿಲಿನಲ್ಲಿ ಅವನು ಇಲ್ಲ, ಜೂನಿನಲ್ಲಿ ಒಬ್ಬ ಹೆಚ್ಚು. ಇಂಥ ಚೀಟಿಗಳನ್ನು ಕೂಡಿಸಿ ರೇಖಾಚಿತ್ರ ಎಳೆದವನಿಗೆ, ಬೀಗ ಹಾಕಿದಾಗ ಮನೋರೋಗವು ತಗ್ಗಿ, ಬೀಗ ತೆಗೆದಾಗ ಹೆಚ್ಚಿದಂತೆ ಕಾಣುವುದು ಸಹಜ. ರೇಖೆ ಸುಳ್ಳಲ್ಲ, ಅದು ರೋಗದ ರೇಖೆಯಲ್ಲ, ವಾಹನಸಂಚಾರದ ರೇಖೆ. ಪುಸ್ತಕಗಳ ವಿಷಯದಲ್ಲಿ ಇನ್ನೊಂದು ಮಾತು: 2020ರ ಜುಲೈಯಲ್ಲಿ ಕೊರೊನಾದಿಂದ ತೀರಿಕೊಂಡ ಇಬ್ಬರ ಶವಗಳು ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯ ಶವಾಗಾರದಲ್ಲಿ 2021ರ ನವೆಂಬರಿನವರೆಗೆ ಉಳಿದುಬಿಟ್ಟಿದ್ದುದನ್ನು ಪತ್ರಿಕೆಗಳೆಲ್ಲ ಬರೆದವು. ಒಳಗೆ ಬಂದವರನ್ನೇ ಹದಿನೈದು ತಿಂಗಳಿಗೂ ಹೆಚ್ಚು ಕಾಲ ಮರೆಯಬಲ್ಲ ಪುಸ್ತಕಗಳು ಹೊರಗೆ ಉಳಿದವರ ವಿಷಯದಲ್ಲಿ ಸಾಕ್ಷಿ ನುಡಿಯುತ್ತವೆಂದು ನಂಬುವುದಕ್ಕೆ ಬಹಳ ಶ್ರದ್ಧೆ ಬೇಕು.

ಸಾಂಕ್ರಾಮಿಕಕ್ಕೂ ಬಚ್ಚಿಡುವಿಕೆಗೂ ಇರುವ ನಂಟು ಈ ಊರಿಗೆ ಹೊಸದೇನಲ್ಲ. 1898ರ ಪ್ಲೇಗಿನಲ್ಲಿ ಬೆಂಗಳೂರಿನ ಜನರು ಪ್ರತ್ಯೇಕ ಶಿಬಿರಗಳಿಗೆ ಹೆದರಿ ರೋಗಿಗಳನ್ನು ಅಡಗಿಸಿಟ್ಟರು. ನಮ್ಮ ನೆರೆಯ ಮಲ್ಲೇಶ್ವರವು ಬೆಳೆದುದೇ ಆ ಮಹಾಮಾರಿಯ ಬಳಿಕ. ಮನೋರೋಗಿಯ ಮನೆಯವರಿಗೆ ಬಚ್ಚಿಡುವುದು ಮೊದಲೇ ಅಭ್ಯಾಸವಾದ ವಿದ್ಯೆ. ಅದರ ಮೇಲೆ, ಆಸ್ಪತ್ರೆಗೆ ಹೋದರೆ ಸೋಂಕು ತಗಲೀತು, ತಗಲಿದರೆ ಮನೆಗೆಲ್ಲ ಪಟ್ಟಿ ಕಟ್ಟಿಯಾರು, ದಾರಿಯಲ್ಲಿ ಹುಡುಗ ಎದುರುತ್ತರ ಕೊಟ್ಟರೆ ಪೋಲೀಸರು ಲಾಠಿ ಬೀಸಿಯಾರು ಎಂಬ ಭಯಗಳು ಸೇರಿಕೊಂಡರೆ, ಬಾಗಿಲು ತೆರೆದಿದ್ದರೂ ಬರುವವರು ಎಷ್ಟು ಮಂದಿ?

ಇಷ್ಟಾದರೂ ಒಂದು ಬಗೆಯ ತುರ್ತು ಮಾತ್ರ ಯಾವ ತಗಡಿಗೂ ನಿಲ್ಲದೆ ಆಸ್ಪತ್ರೆಯವರೆಗೆ ಬಂದೇಬಂದಿತು. ಮದ್ಯದಂಗಡಿಗಳೂ ಬೀಗದ ದಿನವೇ ಮುಚ್ಚಿದವಷ್ಟೆ. ವರ್ಷಗಟ್ಟಲೆ ಪ್ರತಿದಿನ ಕುಡಿದ ದೇಹಕ್ಕೆ ಒಮ್ಮೆಲೇ ಮದ್ಯ ತಪ್ಪಿದರೆ, ಮೊದಲು ಕೈನಡುಕ, ಒಂದೆರಡು ದಿನಗಳಲ್ಲಿ ಅಪಸ್ಮಾರದಂಥ ಸೆಳವು, ಎರಡನೆಯ ಮೂರನೆಯ ದಿನದಿಂದ ಸನ್ನಿ: ಗೋಡೆಯ ಮೇಲೆ ಹುಳು ಹರಿಯುತ್ತವೆ, ಸತ್ತವರು ಕರೆಯುತ್ತಾರೆ, ಚಿಕಿತ್ಸೆ ದೊರೆಯದಿದ್ದರೆ ಪ್ರಾಣವೇ ಹೋದೀತು. ಬೆಂಗಳೂರಿನ ಆಸ್ಪತ್ರೆಗಳ ದಾಖಲೆಗಳನ್ನು ಪರಿಶೀಲಿಸಿದ ನಿಮ್ಹಾನ್ಸಿನ ವೈದ್ಯರು, ಲಾಕ್‌ಡೌನಿನ ಮೊದಲ ದಿನಗಳಲ್ಲಿಯೇ ಇಂಥ ತೀವ್ರ ಪ್ರಕರಣಗಳು ಸುಮಾರು ಇಮ್ಮಡಿಯಾದುದನ್ನು ಕಂಡರು. ನೆರೆಯ ಕೇರಳ ಸರ್ಕಾರವು ಮಾರ್ಚ್ 30ರಂದು, ವೈದ್ಯರ ಚೀಟಿಯಿದ್ದವರಿಗೆ ಮದ್ಯ ಕೊಡಬಹುದೆಂದು ಒಂದು ವಿಚಿತ್ರ ಆಜ್ಞೆ ಹೊರಡಿಸಿತು, ವೈದ್ಯರು ಪ್ರತಿಭಟಿಸಿದರು, ಏಪ್ರಿಲ್ 2ರಂದು ಅಲ್ಲಿನ ಹೈಕೋರ್ಟು ಅದನ್ನು ತಡೆಹಿಡಿಯಿತು. ನಮ್ಮಲ್ಲಿ ಮೇ 4ರಂದು ಅಂಗಡಿ ತೆರೆದಾಗ ಮಾಗಡಿ ರಸ್ತೆಯ ಸಾಲುಗಳನ್ನು ನೋಡಿ ಜನ ನಕ್ಕರು. ಆ ಸಾಲಿನಲ್ಲಿ ನಿಂತವರಲ್ಲಿ ಕೆಲವರು ವಿನೋದಕ್ಕಾಗಿ ಅಲ್ಲ, ಕೈ ನಡುಗುತ್ತಿತ್ತೆಂದು ನಿಂತಿದ್ದರು. ಅದೇ ಊರು, ಲಾಕ್‌ಡೌನಿನ ಅದೇ ಮೊದಲ ದಿನಗಳು. ಬೇಡಿಕೆ ಕುಸಿಯಿತೆನ್ನುವವರು ಈ ಇಮ್ಮಡಿಯನ್ನು ಎಲ್ಲಿಡುತ್ತಾರೆ? ಸನ್ನಿ ಹಿಡಿದವನನ್ನು ಮನೆಯಲ್ಲಿಟ್ಟುಕೊಳ್ಳುವುದು ಅಸಾಧ್ಯವಾದುದರಿಂದ ಅವನನ್ನು ಹೊತ್ತಾದರೂ ತಂದರು. ತಾರಸಿಯ ಮೇಲೆ ನಡೆಯುವವನನ್ನು ಇಟ್ಟುಕೊಳ್ಳಬಹುದಾಗಿತ್ತು, ಇಟ್ಟುಕೊಂಡರು. ವ್ಯತ್ಯಾಸ ಇಷ್ಟೇ.

ಮನೆಯಲ್ಲಿಯೇ ಇಟ್ಟುಕೊಳ್ಳುವ ಈ ರೂಢಿ ಕೊರೊನಾಕ್ಕಿಂತ ಬಹಳ ಹಿಂದಿನದು. 2015-16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ರೋಗದ ಬಗೆಯನ್ನನುಸರಿಸಿ, ನೂರಕ್ಕೆ 70ರಿಂದ 92 ಮಂದಿ ಚಿಕಿತ್ಸೆಯಿಂದ ಹೊರಗಿದ್ದರು. ಬಸ್ಸುಗಳು ಚೆನ್ನಾಗಿ ಓಡುತ್ತಿದ್ದ ಕಾಲದ ಲೆಕ್ಕವಿದು. ನೂರರಲ್ಲಿ ಎಂಟರಿಂದ ಮೂವತ್ತು ಮಂದಿ ಮಾತ್ರ ಬರುವ ಬಾಗಿಲಿನಲ್ಲಿ ನಿಂತು, ಬಂದವರನ್ನೆಣಿಸಿ ನೂರರ ಸ್ಥಿತಿಯನ್ನು ಹೇಳುವ ಕ್ರಮವೇ ಅಪ್ರಮಾಣ.

ಬೆಂಚಿನವರ ಎದುರುಪಕ್ಷದಲ್ಲಿ ಇನ್ನೊಂದು ಗುಂಪುಂಟು. ಅವರನ್ನೂ ನಾನು ಜೊತೆಗೆ ಕರೆದುಕೊಳ್ಳಲಾರೆ. ಅವರು ಹೋದಲ್ಲೆಲ್ಲ ಮನೋರೋಗದ 'ಸುನಾಮಿ'ಯನ್ನು ಕಾಣುತ್ತಾರೆ. 2020ರಲ್ಲಿ ಅಮೆರಿಕದ ತುರ್ತು ವಿಭಾಗಗಳಲ್ಲಿ 12ರಿಂದ 17 ವರ್ಷದವರ ಮಾನಸಿಕ ಪ್ರಕರಣಗಳ ಪಾಲು ಹಿಂದಿನ ವರ್ಷಕ್ಕಿಂತ ಶೇಕಡಾ 31ರಷ್ಟು ಹೆಚ್ಚಿತೆಂದು ಓದಿ ಅವರು ಕಂಪಿಸಿದರು. ಕೈಕಾಲು ಮುರಿದುಕೊಂಡವರೂ ಜ್ವರದವರೂ ಬರುವುದು ನಿಂತದ್ದರಿಂದ ಪಾಲು ಹಿಗ್ಗಿತೆಂಬುದನ್ನು ಗಮನಿಸಲಿಲ್ಲ. ಮರುವರ್ಷದ ಫೆಬ್ರವರಿ-ಮಾರ್ಚಿಯ ಹೊತ್ತಿಗೆ, ಅದೇ ವಯಸ್ಸಿನ ಹುಡುಗಿಯರಲ್ಲಿ ಆತ್ಮಹತ್ಯೆಯ ಯತ್ನವೆಂದು ಶಂಕಿಸಿದ ಪ್ರಕರಣಗಳು 2019ಕ್ಕಿಂತ ಅರ್ಧದಷ್ಟು ಹೆಚ್ಚಾಗಿದ್ದುದು ಮಾತ್ರ ನಿಜವಾದ ಏರಿಕೆ. ಅದು ಬಂದುದೂ ತಡವಾಗಿಯೇ. ಬೆಂಚಿನ ಮಿತ್ರರೂ ಸುನಾಮಿಯವರೂ ಒಂದೇ ತಪ್ಪಿನ ಎರಡು ಮುಖ: ಇಬ್ಬರೂ ಬಾಗಿಲಿನಲ್ಲಿಯೇ ನಿಂತಿದ್ದಾರೆ.

ಬಾಗಿಲಿನಿಂದ ಸರಿದು ನೋಡಬೇಕೆಂದರೆ ನಮ್ಮಲ್ಲಿ ಒಂದು ಕಠೋರವಾದ ಪುಸ್ತಕವಿದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ ಲೆಕ್ಕದಂತೆ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡವರು 2019ರಲ್ಲಿ 1,39,123, 2020ರಲ್ಲಿ 1,53,052, 2021ರಲ್ಲಿ 1,64,033. ಸಾಲ, ನಿರುದ್ಯೋಗ, ಸಂಸಾರ ಎಂದು ಕಾರಣಗಳು ನೂರಿರುವಾಗ, ಈ ಏರಿಕೆಯನ್ನೆಲ್ಲ ಸಾಂಕ್ರಾಮಿಕದ ತಲೆಗೆ ಕಟ್ಟುವುದು ಅನ್ಯಾಯ. ಹಲವು ಶ್ರೀಮಂತ ದೇಶಗಳಲ್ಲಿ ಮೊದಲ ತಿಂಗಳುಗಳಲ್ಲಿ ಇಂಥ ಏರಿಕೆ ಕಾಣಲಿಲ್ಲವೆಂಬುದನ್ನೂ ಬಲ್ಲೆ. ಆದರೆ ಮನೆಯಲ್ಲಿ ಕೂತು ರಾಮಾಯಣ ನೋಡಿ ದೇಶದ ಮನಸ್ಸು ತಿಳಿಯಾಯಿತೆಂಬ ವಾದಕ್ಕೆ ಈ ಪುಸ್ತಕದಲ್ಲಿ ಒಂದು ಗೆರೆಯ ಆಧಾರವೂ ಸಿಗದು.

ಫೋನು ಇತ್ತಲ್ಲ ಎನ್ನುವವರಿದ್ದಾರೆ. ಇತ್ತು, ಅದು ಉಪಕಾರವನ್ನೂ ಮಾಡಿತು. ಲಾಕ್‌ಡೌನ್ ಆರಂಭವಾದ ಮಾರ್ಚ್ 25ರಂದೇ ದೂರವೈದ್ಯಕೀಯದ ನಿಯಮಗಳು ಹೊರಬಿದ್ದವು. ನಿಮ್ಹಾನ್ಸ್ ತನ್ನ ಸಹಾಯವಾಣಿಯನ್ನು ತೆರೆಯಿತು. 2022ರ ಅಕ್ಟೋಬರ್ 10ರಂದು 14416 ಎಂಬ ಸಂಖ್ಯೆಯ ಟೆಲಿ ಮಾನಸ್ ಬಂದಿತು. ಭಯಪಟ್ಟವನಿಗೆ, ದುಃಖಿತನಿಗೆ ಮಾತೇ ಮದ್ದು. ಆದರೆ ಸ್ವರವನ್ನೇ ಶತ್ರುವೆಂದು ಭಾವಿಸಿದವನಿಗೆ ಫೋನು ಏನು ಮಾಡೀತು? ಸಹಾಯವಾಣಿಯು ಮಾತ್ರೆಯನ್ನು ಕೊಡಲಾರದು, ರಕ್ತವನ್ನು ಪರೀಕ್ಷಿಸಲಾರದು, ಇಬ್ಬರು ಬಲಿಷ್ಠರನ್ನೂ ಒಂದು ವಾಹನವನ್ನೂ ಕಳಿಸಲಾರದು. ಮನೋರೋಗಕ್ಕೆ ಧೈರ್ಯವೊಂದಿದ್ದರೆ ಸಾಕೆನ್ನುವ ನಮ್ಮ ಜನ, ಮಧುಮೇಹಕ್ಕೆ ಇನ್ಸುಲಿನ್ ಬೇಡ ಧೈರ್ಯ ಸಾಕೆಂದು ಹೇಳಿದುದನ್ನು ನಾನು ಕೇಳಿಲ್ಲ.

ಆಶ್ಚರ್ಯವೆಂದರೆ, ನಮ್ಮ ಕಾನೂನು ಬೆಂಚಿನವರಿಗಿಂತ ಬುದ್ಧಿವಂತವಾಗಿದೆ. 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 94ನೆಯ ಕಲಮು, ರೋಗಿಯ ಪ್ರತಿನಿಧಿ ಲಭ್ಯನಿದ್ದರೆ ಅವನ ಒಪ್ಪಿಗೆ ಪಡೆದು, ನೋಂದಾಯಿತ ವೈದ್ಯನಾದ ಯಾವನೇ ಆಗಲಿ 72 ಗಂಟೆಗಳವರೆಗೆ ತುರ್ತು ಚಿಕಿತ್ಸೆ ಕೊಡಬಹುದೆನ್ನುತ್ತದೆ. ಮನೋವೈದ್ಯನೇ ಆಗಬೇಕೆಂಬ ನಿಯಮವಿಲ್ಲ. ಅದಕ್ಕಿಂತ ಮುಖ್ಯವಾಗಿ, ರೋಗಿಯನ್ನು ಹತ್ತಿರದ ಮಾನಸಿಕ ಆರೋಗ್ಯ ಸಂಸ್ಥೆಗೆ ಸಾಗಿಸುವುದನ್ನೂ ಅದು ತುರ್ತು ಚಿಕಿತ್ಸೆಯ ಒಳಗೇ ಸೇರಿಸಿದೆ. ಹಾಗಾದರೆ 2020ರಲ್ಲಿ ನಮ್ಮಲ್ಲಿ ನಿಂತುಹೋದುದು ಸಂಚಾರವಷ್ಟೇ ಅಲ್ಲ, ಕಾನೂನು ಮಾನ್ಯಮಾಡಿದ ಚಿಕಿತ್ಸೆಯೇ. ಮುಂದಿನ ಮಾರಿ ಬರುವ ಮೊದಲು ಮಾಡಬೇಕಾದ ಕೆಲಸವೂ ದೊಡ್ಡದೇನಲ್ಲ: ಹಳೆಯ ರೋಗಿಗೆ ಮೂರು ತಿಂಗಳ ಮಾತ್ರೆಯನ್ನು ಬಡಾವಣೆಯ ಆರೋಗ್ಯ ಕೇಂದ್ರದಲ್ಲಿಯೇ ಕೊಡುವುದು, ರಕ್ತವನ್ನು ಅಲ್ಲಿಯೇ ತೆಗೆಯುವುದು, ಮಾಗಡಿ ರಸ್ತೆಗೂ ಮೈಸೂರು ರಸ್ತೆಗೂ ನಡುವೆ ಎಲ್ಲಿಯಾದರೂ ಹತ್ತು ಹಾಸಿಗೆಗಳ ತುರ್ತು ಘಟಕವೊಂದನ್ನು ತೆರೆದು, ಯಾವ ಕಾರಣಕ್ಕೂ ಅದನ್ನು ಬೇರೆಯ ರೋಗಕ್ಕೆ ಎರವಲು ಕೊಡದಿರುವುದು.

ಎದುರುಮನೆಯ ಹುಡುಗ ಈಗ ಮತ್ತೆ ಕೆಲಸಕ್ಕೆ ಹೋಗುತ್ತಾನೆ. ಮೊದಲಿನ ಕಾರ್ಖಾನೆಗಲ್ಲ, ಅಲ್ಲಿ ಅವನ ಜಾಗ ತುಂಬಿಹೋಗಿತ್ತು. ಬೆಂಚಿನ ಮಿತ್ರರಿಗೆ ನಾನು ಇದನ್ನೆಲ್ಲ ಹೇಳಿದೆ. "ಅದೊಂದು ಕೇಸು ಬಿಡಿ ಸ್ವಾಮಿ, ಒಟ್ಟಾರೆ ಅಂಕಿ ಅಂಶ ನೋಡಬೇಕು" ಎಂದರು. ಓದುಗರಲ್ಲಿ ನನ್ನ ಬಿನ್ನಹ ಇಷ್ಟೆ: ಇಂತಿಂಥ ತಿಂಗಳಲ್ಲಿ ಮನೋರೋಗಿಗಳು ಕಡಿಮೆ ಬಂದರೆಂದು ಯಾರಾದರೂ ನಿಮ್ಮೆದುರಿಗೆ ಅಂಕಿ ಓದಿದರೆ, ಆ ತಿಂಗಳು ಬಸ್ಸು ಓಡುತ್ತಿತ್ತೇ ಎಂದು ಮೊದಲು ಕೇಳಿರಿ.